ಎಳೆಯ ಮಕ್ಕಳಿಗೆ ಅಗಲಿದ ಹಿರಿಯರು ಕಾಣುವರೇ?

ಮನೆಯ ಹಿರಿಯರೊಬ್ಬರು ಕಾಲವಾದ ಮೇಲೆ ಮೊದಲ ಕೆಲವು ವಾರಗಳಲ್ಲಿ ಆ ಮನೆಯ ಮೂರು ನಾಲ್ಕು ವರ್ಷದ ಕೂಸು ಬರಿದಾದ ಮೂಲೆಯತ್ತ ನೋಡಿ ನಕ್ಕರೆ, ಯಾರೂ ಇಲ್ಲದ ಕಡೆಗೆ ಕೈನೀಡಿ ಮಾತನಾಡಿದರೆ, ದೊಡ್ಡವರ ಮುಖ ಬಾಡುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಇದಕ್ಕೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಮಗು ದೇವರ ಸಮಾನ, ಅದರ ಕಣ್ಣಿಗೆ ಮರೆಯಿಲ್ಲ, ದೊಡ್ಡವರಿಗೆ ಕಾಣದ್ದು ಅದಕ್ಕೆ ಕಾಣುತ್ತದೆ ಎನ್ನುತ್ತಾರೆ. ಆಮೇಲೆ ದೃಷ್ಟಿ ತೆಗೆಯುವುದು, ತಾಯಿತ ಕಟ್ಟಿಸುವುದು, ಮಹಾಲಯ ಅಮಾವಾಸ್ಯೆಗೆ ತಪ್ಪದೆ ಎಡೆ ಇಡುವೆವೆಂದು ಹರಸಿಕೊಳ್ಳುವುದು ಇವೆಲ್ಲ ನಡೆಯುತ್ತವೆ. ನೆರೆಹೊರೆಯವರಲ್ಲಿ ಹೀಗೆ ನಡೆದರೆ ಅದರಲ್ಲಿ ಆಶ್ಚರ್ಯವಿಲ್ಲ. ಅವರ ಶಾಸ್ತ್ರದಲ್ಲಿ ಪ್ರೇತಾವಸ್ಥೆಗೆ ಸ್ಥಾನವಿದೆ, ಸಪಿಂಡೀಕರಣ ಮುಗಿಯುವವರೆಗೆ ಜೀವವು ಪಿತೃಗಳನ್ನು ಸೇರಿರುವುದಿಲ್ಲವೆಂದು ಅದು ಹೇಳುತ್ತದೆ. ಅವರ ನಂಬಿಕೆಗೂ ಅವರ ಆಚರಣೆಗೂ ಹೊಂದಾಣಿಕೆಯಿದೆ. ಆದರೆ ಈ ನಾಲ್ಕು ಊರುಗಳಲ್ಲಿ ಬಾಳುತ್ತಿರುವ ನಮ್ಮ ದಿಗಂಬರ ಮನೆಗಳಲ್ಲಾಗಲಿ, ರಾಜಸ್ಥಾನದಿಂದ ಬಂದು ವ್ಯಾಪಾರಕ್ಕಾಗಿ ನೆಲೆಸಿದ ಶ್ವೇತಾಂಬರ ಮನೆಗಳಲ್ಲಾಗಲಿ ಅದೇ ಮಾತು, ಅದೇ ತಾಯಿತ, ಅದೇ ಭಯ ಕಂಡುಬಂದರೆ ನಾವು ಸ್ವಲ್ಪ ನಿಂತು ಯೋಚಿಸಬೇಕಾಗುತ್ತದೆ. ಬೆಳಿಗ್ಗೆ ಬಸದಿಯಲ್ಲಿ ಒಂದು ತತ್ತ್ವ, ಸಂಜೆ ಪಡಸಾಲೆಯಲ್ಲಿ ಮತ್ತೊಂದು ತತ್ತ್ವ ಎಂಬಂತೆ ಬಾಳಲು ಸಾಧ್ಯವೇ?

ಇದು ಕೇವಲ ಕುತೂಹಲದ ಪ್ರಶ್ನೆಯಾಗಿದ್ದರೆ ವಾಚಕರ ಸಮಯವನ್ನು ನಾನು ತೆಗೆದುಕೊಳ್ಳುತ್ತಿರಲಿಲ್ಲ. ಮಗುವಿನ ಇಂಥ ಒಂದು ಮಾತಿನಿಂದ ಒಂದು ಸಂಸಾರ ಒಡೆಯುವಷ್ಟರ ಮಟ್ಟಿಗೆ ಹೋದುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಊರು, ಹೆಸರು ಬೇಡ. ಆ ಮನೆಯ ವೃದ್ಧ ಶ್ರಾವಿಕೆ ಪಡಸಾಲೆಯ ಕಂಬಕ್ಕೆ ಒರಗಿ ಜಪಮಾಲೆ ಹಿಡಿದು ಕೂರುತ್ತಿದ್ದವರು. ಅವರು ತೀರಿಕೊಂಡ ಮೂರನೆಯ ವಾರದಲ್ಲಿ ನಾಲ್ಕು ವರ್ಷದ ಮೊಮ್ಮಗ ಕಂಬದ ಕಡೆ ಬೆರಳು ಮಾಡಿ, “ಅಜ್ಜಿ ಅಲ್ಲೇ ಕೂತವ್ರೆ, ಮಣಿ ಎಣಿಸ್ತಾವ್ರೆ” ಎಂದ. ಮೊದಲು ಎಲ್ಲರೂ ಅತ್ತರು. ಎರಡು ದಿನ ಕಳೆದ ಮೇಲೆ ಅಳು ನಿಂತು ವಿಚಾರಣೆ ಆರಂಭವಾಯಿತು. ಅಜ್ಜಿಯ ಎರಡೆಳೆ ಅವಲಕ್ಕಿ ಸರ ಬೀರುವಿನಲ್ಲಿ ಇರಲಿಲ್ಲ. ಹಿರಿಯ ಸೊಸೆ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, “ಅಜ್ಜೀನ ಕೇಳು ಮಗಾ, ಸರ ಯಾರಿಗ್ ಕೊಟ್ರು ಅಂತ” ಎಂದಳು. ಮಗು ಕಂಬವನ್ನು ನೋಡಿತು, ಸುತ್ತಲಿನ ಮುಖಗಳನ್ನು ನೋಡಿತು, “ಚಿಕ್ಕಮ್ಮಂಗೆ” ಎಂದಿತು.

ಅಷ್ಟೇ. ಅಂದು ರಾತ್ರಿಯೇ ಕಿರಿಯ ಸೊಸೆಯ ಟ್ರಂಕು ತೆಗೆಸಿ ನೋಡಿದರು. ಸರ ಸಿಗಲಿಲ್ಲ, ಸಿಗದಿದ್ದುದೂ ಅವಳ ಜಾಣತನಕ್ಕೆ ಸಾಕ್ಷಿಯಾಯಿತು. ಅವಳು ಮಾಗಡಿಯ ಕಡೆಯ ತವರಿಗೆ ಹೋದಳು, ಏಳು ತಿಂಗಳು ಬರಲಿಲ್ಲ. ಶಾಸ್ತ್ರವನ್ನು ಒಂದಿಷ್ಟು ಓದಿದವನೆಂದು ನನ್ನನ್ನು ಕರೆಸಿದಾಗ ಮನೆಯ ಯಜಮಾನರು ಕೇಳಿದ ಪ್ರಶ್ನೆ ಒಂದೇ: “ಕೂಸು ಸುಳ್ಳು ಹೇಳ್ತದಾ ಅಣ್ಣಾವ್ರೇ?”

ಈ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಮಗು ಸುಳ್ಳು ಹೇಳುತ್ತದೆಯೇ ಎಂಬುದು ಒಂದು. ಮಗು ಹೇಳಿದ್ದು ನಿಜವೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ‘ಇಲ್ಲ’ ಎಂದ ಮಾತ್ರಕ್ಕೆ ಎರಡನೆಯದಕ್ಕೆ ‘ಹೌದು’ ಎಂದಾಗುವುದಿಲ್ಲ. ನಮ್ಮ ಆಚಾರ್ಯರು ಅಸತ್ಯದ ಲಕ್ಷಣವನ್ನು ಹೇಳುವಾಗ ಪ್ರಮಾದದ ಯೋಗವನ್ನು ಮುಖ್ಯವಾಗಿಟ್ಟಿದ್ದಾರೆ. ಕಷಾಯವಶನಾಗಿ, ಎಚ್ಚರ ತಪ್ಪಿ ಆಡಿದ ಮಾತು ದೋಷವೆನಿಸುತ್ತದೆ. ಅಜ್ಜಿಯನ್ನು ಬಯಸಿ ಮಾತನಾಡಿದ ನಾಲ್ಕು ವರ್ಷದ ಮಗುವಿಗೆ ವಂಚನೆಯ ಭಾವವಿಲ್ಲ. ಆದ್ದರಿಂದ ಅದು ಸುಳ್ಳುಗಾರನಲ್ಲ. ಹಾಗಿದ್ದರೂ ಅದು ಹೇಳಿದ್ದು ವಸ್ತುಸ್ಥಿತಿಯಲ್ಲದಿರಬಹುದು.

ಈಗ ವಸ್ತುಸ್ಥಿತಿಯ ವಿಚಾರ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ವಿಗ್ರಹಗತಿಯ ನಿರೂಪಣೆಯಿದೆ. ಒಂದು ಶರೀರವನ್ನು ಬಿಟ್ಟ ಸಂಸಾರಿ ಜೀವ ಮುಂದಿನ ಜನ್ಮಸ್ಥಾನವನ್ನು ಸೇರಲು ತೆಗೆದುಕೊಳ್ಳುವ ಕಾಲವನ್ನು ಅಲ್ಲಿ ‘ಸಮಯ’ಗಳ ಲೆಕ್ಕದಲ್ಲಿ ಹೇಳಿದೆ. ನೇರವಾಗಿ ಹೋದರೆ ಒಂದು ಸಮಯ. ತಿರುವುಗಳಿದ್ದರೆ ನಾಲ್ಕನೆಯ ಸಮಯದೊಳಗೆ ಸೇರಿಬಿಡುತ್ತದೆ. ಸಮಯವೆಂದರೆ ಗಂಟೆಯಲ್ಲ, ನಿಮಿಷವಲ್ಲ. ಕಾಲದ ಅತ್ಯಂತ ಸೂಕ್ಷ್ಮವಾದ, ಇನ್ನು ಒಡೆಯಲಾಗದ ಅಂಶ. ಒಂದು ಆವಲಿಯಲ್ಲೇ ಅಂಥವು ಅಸಂಖ್ಯಾತ. ಕಣ್ಣೆವೆ ಇಕ್ಕುವುದರೊಳಗೆ ಎಣಿಕೆಗೆ ಸಿಕ್ಕದಷ್ಟು ಸಮಯಗಳು ಕಳೆದುಹೋಗುತ್ತವೆ. ಎಂದ ಮೇಲೆ, ವೈದ್ಯರು ನಾಡಿ ಹಿಡಿದು ತಲೆಯಾಡಿಸುವಷ್ಟರಲ್ಲಿ, ಮಗಳು ಬಾಯಿಗೆ ನೀರು ಬಿಡಲು ಲೋಟ ಎತ್ತುವಷ್ಟರಲ್ಲಿ ಆ ಜೀವ ಬೇರೊಂದು ಪರ್ಯಾಯದಲ್ಲಿ ಆಹಾರ ಗ್ರಹಿಸಲು ತೊಡಗಿರುತ್ತದೆ. ಮೂರು ವಾರ ಪಡಸಾಲೆಯ ಕಂಬದ ಬಳಿ ಕಾದು ಕೂರಲು ಅದಕ್ಕೆ ನಮ್ಮ ಸಿದ್ಧಾಂತದಲ್ಲಿ ಅವಕಾಶವೇ ಇಲ್ಲ. ಮರಣಕ್ಕೂ ಜನನಕ್ಕೂ ನಡುವೆ ಅಲೆದಾಡುವ ಆತ್ಮವೆಂಬ ವಸ್ತುವನ್ನು ಜೈನದರ್ಶನ ಒಪ್ಪಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಅದು ಅರ್ಧ ಉತ್ತರವಾಗುತ್ತದೆ. ತಿಳಿದ ಶ್ರಾವಕರು ಕೂಡಲೇ ಕೇಳುತ್ತಾರೆ: ವ್ಯಂತರ ದೇವರ ಎಂಟು ಪ್ರಭೇದಗಳಲ್ಲಿ ಭೂತ, ಪಿಶಾಚಗಳನ್ನು ಎಣಿಸಿಲ್ಲವೇ? ಕ್ರಿ.ಶ. 939ರಲ್ಲಿ ಇಂದ್ರನಂದಿಗಳು ರಚಿಸಿದ ಜ್ವಾಲಾಮಾಲಿನೀಕಲ್ಪದಲ್ಲಿ ಗ್ರಹಬಾಧೆಯ ವಿಚಾರವೇ ಇಲ್ಲವೇ? ಹೊಂಬುಜಕ್ಕೂ ಸಿಂಹನಗದ್ದೆಗೂ ಜನ ತಮ್ಮ ಕಷ್ಟಗಳನ್ನು ಹೊತ್ತು ಹೋಗುವುದಿಲ್ಲವೇ? ಇದೆ, ಇಲ್ಲವೆಂದು ನಾನು ಹೇಳಲಾರೆ. ಅಜ್ಜಿಯ ಜೀವವೇ ವ್ಯಂತರ ಪರ್ಯಾಯವನ್ನು ಪಡೆದಿರಬಹುದೆಂದೂ, ದೇವಗತಿಯಲ್ಲಿ ಹುಟ್ಟಿನಿಂದಲೇ ಬರುವ ಅವಧಿಜ್ಞಾನದಿಂದ ಹಿಂದಿನ ಮನೆಯನ್ನು ಅರಿತಿರಬಹುದೆಂದೂ ವಾದಿಸಿದರೆ ಸಿದ್ಧಾಂತ ಅದನ್ನು ಅಸಾಧ್ಯವೆಂದು ತಳ್ಳಿಹಾಕುವುದಿಲ್ಲ. ಆದರೆ ಹಾಗೆ ವಾದಿಸುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ವ್ಯಂತರನಾದವನು ಸತ್ತವನ ನೆರಳಲ್ಲ. ಅವನು ಹೊಸ ವೈಕ್ರಿಯಿಕ ಶರೀರದೊಡನೆ, ಕನಿಷ್ಠ ಹತ್ತು ಸಾವಿರ ವರ್ಷಗಳ ಆಯುಷ್ಯದೊಡನೆ ಹುಟ್ಟಿದ ಬೇರೊಬ್ಬ ದೇವ. ಅವನಿಗೆ ಕಾಲುನೋವಿಲ್ಲ, ಎಣಿಸಲು ಜಪಮಾಲೆಯಿಲ್ಲ. ಎರಡನೆಯದಾಗಿ, ಅಂಥ ಭೇಟಿ ನಡೆದರೂ ಅಲ್ಲಿ ಕಾಣುವ ಸಾಮರ್ಥ್ಯವಿರುವುದು ದೇವನಿಗೇ ಹೊರತು ಮಗುವಿಗಲ್ಲ. ದೇವ ತನ್ನನ್ನು ತೋರಿಸಿಕೊಳ್ಳಬಯಸಿದರೆ ನಾಲ್ಕು ವರ್ಷದವನಿಗೂ ಕಾಣಬಹುದು, ಎಂಬತ್ತರ ಮುದುಕನಿಗೂ ಕಾಣಬಹುದು. ಬಾಲ್ಯವೆಂಬುದು ಇದಕ್ಕೆ ಅರ್ಹತೆಯಲ್ಲ.

ಪ್ರಶ್ನೆಯ ನಿಜವಾದ ತಿರುಳು ಇದೇ ಎಂದು ನನಗೆ ತೋರುತ್ತದೆ. ಮಗುವಿಗೆ ವಿಶೇಷವಾದ ದೃಷ್ಟಿಯಿದೆ ಎಂಬ ನಂಬಿಕೆಯ ಬೇರು ಮಗು ನಿರ್ಮಲವೆಂಬ ಭಾವನೆಯಲ್ಲಿದೆ. ಅದು ಕೇಳಲು ಹಿತವಾದ ಭಾವನೆ, ಆದರೆ ನಮ್ಮದಲ್ಲ. ಅನಾದಿಕಾಲದಿಂದ ಕರ್ಮಬದ್ಧವಾದ ಜೀವ ತೊಟ್ಟಿಲಿಗೆ ಬರುವಾಗ ಕಷಾಯಗಳನ್ನು ಹೊಸ್ತಿಲಾಚೆ ಬಿಟ್ಟು ಬರುವುದಿಲ್ಲ. ಹಾಲು ತಡವಾದರೆ ಕ್ರೋಧ, ಆಟದ ಸಾಮಾನು ಬೇರೆಯವರು ಮುಟ್ಟಿದರೆ ಲೋಭ. ಮನೆಯಲ್ಲಿ ಮಕ್ಕಳಿರುವವರಿಗೆ ಇದನ್ನು ಗ್ರಂಥ ನೋಡಿ ತಿಳಿಸಬೇಕಾಗಿಲ್ಲ. ಮನುಷ್ಯರಲ್ಲಿ ಪ್ರಥಮ ಸಮ್ಯಕ್ತ್ವ ಉಂಟಾಗಬೇಕಾದರೆ ಎಂಟು ವರ್ಷ ತುಂಬಿರಬೇಕೆಂದು ಆಗಮ ಹೇಳುತ್ತದೆ. ಅವಧಿಜ್ಞಾನವನ್ನು ಹುಟ್ಟಿನೊಡನೆ ತರುವವರು ಮನುಷ್ಯರಲ್ಲಿ ತೀರ್ಥಂಕರರು. ಉಳಿದವರಿಗೆ ಅದು ಕ್ಷಯೋಪಶಮದಿಂದ, ಗುಣದ ಬಲದಿಂದ ಬರಬೇಕಾದದ್ದು. ಎಳವೆ ಎಂಬ ಒಂದೇ ಕಾರಣಕ್ಕೆ ಅತೀಂದ್ರಿಯ ಜ್ಞಾನ ದೊರೆಯುವುದಾದರೆ ಮುನಿಗಳ ತಪಸ್ಸಿಗೆ ಅರ್ಥವೇನು?

ಹಾಗಾದರೆ ಆ ಮಗು ಕಂಡದ್ದೇನು? ಇಲ್ಲಿ ನಮ್ಮ ಪ್ರಮಾಣಶಾಸ್ತ್ರ ಬಹಳ ಸೊಗಸಾದ ಕೀಲಿಯೊಂದನ್ನು ಕೊಡುತ್ತದೆ. ಬೇರೆ ಅನೇಕ ದರ್ಶನಗಳು ಸ್ಮೃತಿಯನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಜೈನ ತಾರ್ಕಿಕರು ಒಪ್ಪುತ್ತಾರೆ. ಮಾಣಿಕ್ಯನಂದಿಗಳ ಪರೀಕ್ಷಾಮುಖದಲ್ಲಿ ಸ್ಮೃತಿಯು ಪರೋಕ್ಷ ಪ್ರಮಾಣದ ಭೇದಗಳಲ್ಲಿ ಮೊದಲನೆಯದು. ಅದರ ಗುರುತೆಂದರೆ ‘ಅದು’ ಎಂಬ ಆಕಾರ. ಪ್ರತ್ಯಕ್ಷಕ್ಕೆ ‘ಇದು’ ಎಂಬ ಆಕಾರ. ಅಜ್ಜಿ ಕಂಬದ ಬಳಿ ಕೂರುತ್ತಿದ್ದದ್ದು, ಮಣಿ ಎಣಿಸುತ್ತಿದ್ದದ್ದು ಮಗುವಿನ ಸ್ಮೃತಿಯಲ್ಲಿ ನಿಜವಾಗಿ ಇದೆ, ಮತ್ತು ಅದು ಪ್ರಮಾಣವೇ. ಆದರೆ ‘ಅದು’ ಎನ್ನಬೇಕಾದಲ್ಲಿ ಅದು ‘ಇದು’ ಎನ್ನುತ್ತದೆ. ನೆನ್ನೆ, ನಾಳೆ, ಆಗ, ಈಗ ಇವುಗಳ ನಡುವೆ ಗೆರೆ ಎಳೆಯಲು ಅದಕ್ಕಿನ್ನೂ ಬರುವುದಿಲ್ಲ. ಮೂರು ವರ್ಷದ ಮಗು ಹೋದ ವರ್ಷ ಕಂಡ ಜಾತ್ರೆಯನ್ನೂ ‘ನೆನ್ನೆ’ ಎಂದೇ ಹೇಳುವುದನ್ನು ಯಾರು ಕೇಳಿಲ್ಲ?

ಚನ್ನಪಟ್ಟಣದವರಿಗೆ ಇನ್ನೂ ಹತ್ತಿರದ ಉದಾಹರಣೆಯಿದೆ. ಹಾಲೆ ಮರವನ್ನು ಚರಕಿಯಲ್ಲಿ ಕಡೆದು ಅರಗು ಹಚ್ಚಿದ ಕುದುರೆಗೆ ಮಗು ಹುಲ್ಲು ತಿನ್ನಿಸುತ್ತದೆ, ಮಲಗಿಸುತ್ತದೆ, ಬಿದ್ದರೆ ಅದಕ್ಕಾಗಿ ಅಳುತ್ತದೆ. ಇದು ನಾಲ್ಕು ನಿಕ್ಷೇಪಗಳಲ್ಲಿ ಸ್ಥಾಪನೆ. ಮರದಲ್ಲಿ ಕುದುರೆಯನ್ನು ಸ್ಥಾಪಿಸಿಕೊಂಡು ವ್ಯವಹರಿಸುವುದು. ಮಗು ಮೋಸಹೋಗಿದೆಯೇ? ಇಲ್ಲ, ಹಸಿವಾದಾಗ ಅದು ಮರದ ಹಣ್ಣನ್ನು ಕಚ್ಚದೆ ಅಮ್ಮನ ಬಳಿಗೇ ಬರುತ್ತದೆ. ಖಾಲಿ ಕಂಬದ ಬಳಿ ಅಜ್ಜಿಯನ್ನು ಸ್ಥಾಪಿಸಿಕೊಂಡ ಮಗು ಮಾಡಿದ್ದೂ ಇದಕ್ಕಿಂತ ಬೇರೆಯಲ್ಲ. ದೊಡ್ಡವರು ಆ ಸ್ಥಾಪನೆಯನ್ನು ಭಾವನಿಕ್ಷೇಪವೆಂದು ಹಿಡಿದರು, ಎಂದರೆ ಅಜ್ಜಿ ಈ ಕ್ಷಣ ಅಲ್ಲಿ ಅಜ್ಜಿಯಾಗಿಯೇ ಇದ್ದಾಳೆಂದು ತಿಳಿದರು. ತಪ್ಪಿದ್ದು ಅಲ್ಲಿ.

ಪಶ್ಚಿಮದ ಮನೋವಿಜ್ಞಾನಿಗಳು ಬೇರೆ ದಾರಿಯಿಂದ ಬಂದು ಬಹುಮಟ್ಟಿಗೆ ಇಲ್ಲಿಗೇ ತಲುಪಿರುವುದು ಸ್ವಾರಸ್ಯಕರ. ಮಾರಿಯಾ ನಾಜ್ ಎಂಬವರು ಬುಡಾಪೆಸ್ಟ್ ನಗರದ 3ರಿಂದ 10 ವರ್ಷದ 378 ಮಕ್ಕಳನ್ನು ವಿಚಾರಿಸಿ 1948ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಐದು ವರ್ಷದೊಳಗಿನ ಮಕ್ಕಳಿಗೆ ಸಾವು ಮರಳಿ ಬಾರದ ಸ್ಥಿತಿ ಎಂಬ ಅರಿವೇ ಇರುವುದಿಲ್ಲ. ಸತ್ತವರು ಎಲ್ಲೋ ಹೋಗಿದ್ದಾರೆ, ಹೇಗೋ ಬಾಳುತ್ತಿದ್ದಾರೆ ಎಂದೇ ಅವು ತಿಳಿಯುತ್ತವೆ. ಇದಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಜೆಸ್ಸಿ ಬೇರಿಂಗ್ ಮತ್ತು ಬೆಕಿ ಪಾರ್ಕರ್ 2006ರಲ್ಲಿ ಪ್ರಕಟಿಸಿದ ಪ್ರಯೋಗ. 3ರಿಂದ 9 ವರ್ಷದ ಮಕ್ಕಳಿಗೆ ಎರಡು ಪೆಟ್ಟಿಗೆಗಳನ್ನು ತೋರಿಸಿ, ಯಾವುದರಲ್ಲಿ ಚೆಂಡಿದೆ ಎಂದು ಊಹಿಸಲು ಹೇಳಿದರು. ಈ ಕೋಣೆಯಲ್ಲಿ ಕಣ್ಣಿಗೆ ಕಾಣದ ರಾಜಕುಮಾರಿಯೊಬ್ಬಳಿದ್ದಾಳೆ, ನೀನು ತಪ್ಪು ಪೆಟ್ಟಿಗೆ ಆರಿಸಿದರೆ ಹೇಗಾದರೂ ತಿಳಿಸುತ್ತಾಳೆ ಎಂದೂ ಹೇಳಿದರು. ಮಗು ಪೆಟ್ಟಿಗೆಯ ಮೇಲೆ ಕೈಯಿಟ್ಟಾಗ ದೀಪ ಮಿನುಗುವಂತೆ, ಗೋಡೆಯ ಚಿತ್ರ ಕೆಳಗೆ ಬೀಳುವಂತೆ ಮರೆಯಿಂದ ಏರ್ಪಾಡು ಮಾಡಿದ್ದರು. ಇದನ್ನು ರಾಜಕುಮಾರಿಯ ಸೂಚನೆ ಎಂದು ಹಿಡಿದು ಪೆಟ್ಟಿಗೆ ಬದಲಿಸಿದವರು ಏಳು ವರ್ಷ ದಾಟಿದ ಮಕ್ಕಳು. ಮೂರು ನಾಲ್ಕರ ಮಕ್ಕಳು, ಚಿತ್ರ ಸರಿಯಾಗಿ ಅಂಟಿರಲಿಲ್ಲ ಬಿತ್ತು ಎಂಬಂಥ ಸಾಮಾನ್ಯ ಕಾರಣವನ್ನು ಹೇಳಿದವು. ಅಂದರೆ ಅದೃಶ್ಯರ ಸಂಕೇತವನ್ನು ಲೋಕದಲ್ಲಿ ಕಾಣುವುದು ಎಳೆಯ ಮಕ್ಕಳ ಗುಣವಲ್ಲ, ಬೆಳೆದಂತೆ ಬರುವ ಗುಣ. ನಮ್ಮ ಊರಿನ ನಂಬಿಕೆ ತಲೆಕೆಳಗಾಗಿದೆ! ಮಗು ಅಜ್ಜಿಯ ಹೆಸರೆತ್ತಿದ್ದಷ್ಟೇ. ಅದನ್ನು ಸಂದೇಶವೆಂದು ಓದಿದವರು ದೊಡ್ಡವರು.

ದೊಡ್ಡವರಿಗೂ ಕಾಣುವುದಿಲ್ಲವೆಂದಲ್ಲ. ವೇಲ್ಸ್ ಪ್ರಾಂತದ ಡೇವಿ ರೀಸ್ ಎಂಬ ವೈದ್ಯರು ಸಂಗಾತಿಯನ್ನು ಕಳೆದುಕೊಂಡ 293 ಮಂದಿಯನ್ನು ಕಂಡು ಮಾತನಾಡಿಸಿ 1971ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ತೀರಿಕೊಂಡವರ ಇರವು ಅನುಭವಕ್ಕೆ ಬಂದಿತ್ತು. ಕೆಲವರು ಧ್ವನಿಯನ್ನೂ ಕೇಳಿದ್ದರು, ರೂಪವನ್ನೂ ಕಂಡಿದ್ದರು. ಅವರು ಹುಚ್ಚರಲ್ಲ, ಮತ್ತು ಅವರಲ್ಲಿ ಬಹುಮಂದಿ ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ನಮ್ಮ ಮನೆಗಳಲ್ಲೂ ಹೀಗೆಯೇ ಇರಬೇಕು. ಮಧ್ಯರಾತ್ರಿ ಪಕ್ಕದ ಹಾಸಿಗೆಯಲ್ಲಿ ಕೆಮ್ಮು ಕೇಳಿಸಿತೆಂದು ಯಾವ ಅಜ್ಜ ಬೆಳಿಗ್ಗೆ ಎದ್ದು ಸೊಸೆಯಂದಿರೆದುರು ಹೇಳುತ್ತಾನೆ? ಆ ಮನೆಯಲ್ಲಿ ಅಜ್ಜಿಯನ್ನು ಕಂಬದ ಬಳಿ ಕಂಡವರು ಬಹುಶಃ ಐದಾರು ಜನ. ಬಾಯಿಬಿಟ್ಟು ಹೇಳಿದ್ದು ಮಗು ಮಾತ್ರ.

ಇಲ್ಲಿ ಮತ್ತೊಂದು ಆಕ್ಷೇಪವಿದೆ, ಅದನ್ನು ಹಗುರವಾಗಿ ಬಿಡಲಾಗದು. ಮಕ್ಕಳು ಪೂರ್ವಜನ್ಮವನ್ನು ಹೇಳಿದ ಪ್ರಸಂಗಗಳಿವೆಯಲ್ಲ? 1926ರಲ್ಲಿ ದೆಹಲಿಯಲ್ಲಿ ಹುಟ್ಟಿದ ಶಾಂತಿದೇವಿ ತಾನು ಮಥುರೆಯಲ್ಲಿ ಹೆರಿಗೆಯ ಬಳಿಕ ತೀರಿಕೊಂಡ ಸ್ತ್ರೀಯೆಂದು ಬಾಲ್ಯದಲ್ಲೇ ಹೇಳತೊಡಗಿದಳು. ಗಾಂಧೀಜಿಯವರೂ ಅದರಲ್ಲಿ ಆಸಕ್ತಿ ವಹಿಸಿದರು, ಸಮಿತಿಯೊಂದು ವಿಚಾರಿಸಿ 1936ರಲ್ಲಿ ವರದಿ ಕೊಟ್ಟಿತು. ಅದೇ ಪ್ರಸಂಗವನ್ನು ಪರಿಶೀಲಿಸಿದ ಬಾಲಚಂದ ನಾಹಟಾ ಅವರು, ಇದರಿಂದ ಪೂರ್ವಜನ್ಮದ ಸ್ಮರಣೆ ಸಿದ್ಧವಾಗುವುದಿಲ್ಲವೆಂದು ಹಿಂದಿಯಲ್ಲಿ ಕಿರುಹೊತ್ತಗೆ ಬರೆದರು. ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್‌ಸನ್ 2007ರಲ್ಲಿ ತೀರಿಕೊಳ್ಳುವವರೆಗೆ ಎರಡು ಸಾವಿರಕ್ಕೂ ಮಿಕ್ಕಿ ಇಂಥ ಪ್ರಸಂಗಗಳನ್ನು ಕಲೆಹಾಕಿದರು. ಎರಡರಿಂದ ನಾಲ್ಕರ ವಯಸ್ಸಿನಲ್ಲಿ ಮಕ್ಕಳು ಹೇಳತೊಡಗುತ್ತವೆ, ಐದರಿಂದ ಎಂಟರೊಳಗೆ ಮರೆತುಬಿಡುತ್ತವೆ ಎಂಬುದು ಅವರ ಗಮನಿಕೆ. ಅವರೊಡನೆ ಕೆಲಸ ಮಾಡಿದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸತ್ವಂತ್ ಪಸ್ರೀಚಾ, ಸತ್ತಂತಾಗಿ ಮರಳಿ ಉಸಿರಾಡಿದವರ ಅನುಭವಗಳನ್ನು ತಿಳಿಯಲು ನಮ್ಮ ಚನ್ನಪಟ್ಟಣದ ಭಾಗದಲ್ಲೇ ಸಮೀಕ್ಷೆ ನಡೆಸಿ 1992ರಲ್ಲಿ ಪ್ರಕಟಿಸಿದ್ದು ಈ ಸೀಮೆಯ ಅನೇಕರಿಗೆ ತಿಳಿಯದು. ದಕ್ಷಿಣ ಭಾರತದಲ್ಲಿ ಪೂರ್ವಜನ್ಮ ಹೇಳುವ ಮಕ್ಕಳು ಏಕಿಷ್ಟು ವಿರಳ ಎಂಬ ಪ್ರಶ್ನೆಯನ್ನೂ ಅವರು 2001ರ ಪ್ರಬಂಧವೊಂದರಲ್ಲಿ ಎತ್ತಿಕೊಂಡರು.

ಜಾತಿಸ್ಮರಣವನ್ನು ಒಪ್ಪುವ ನಮಗೆ ಇದರಲ್ಲಿ ಗಾಬರಿಯಾಗಲು ಏನೂ ಇಲ್ಲ, ಕುಣಿದಾಡಲೂ ಏನೂ ಇಲ್ಲ. ವ್ಯಾಪಾರಿಯಾದ ನಾನು ಲೆಕ್ಕ ಬರೆಯುವಾಗ, ವೋಚರು ಸಿಗದ ಮೊತ್ತವನ್ನು ಲಾಭಕ್ಕೂ ಹಾಕುವುದಿಲ್ಲ, ನಷ್ಟಕ್ಕೂ ಹಾಕುವುದಿಲ್ಲ; ಅನಾಮತ್ತು ಖಾತೆಯಲ್ಲಿ ಇಡುತ್ತೇನೆ. ಈ ಪ್ರಸಂಗಗಳ ಸ್ಥಾನವೂ ಅಲ್ಲೇ. ಆದರೆ ಒಂದು ಭೇದ ಗಮನಿಸಬೇಕು. ಇವೆಲ್ಲ ಮಗು ತನ್ನದೇ ಹಿಂದಿನ ಬಾಳನ್ನು ನೆನೆಯುವ ಮಾತು. ಅಗಲಿದ ಇನ್ನೊಬ್ಬರನ್ನು ಎದುರಿನಲ್ಲಿ ಕಾಣುವ ಮಾತಲ್ಲ. ಪಂಪನ ಆದಿಪುರಾಣದ ಶ್ರೀಮತಿಗೆ ತಾನು ಸ್ವಯಂಪ್ರಭೆಯಾಗಿದ್ದುದು ನೆನಪಾಯಿತು. ಲಲಿತಾಂಗನ ಪ್ರೇತ ಅವಳ ಕಿಟಕಿಯಲ್ಲಿ ನಿಲ್ಲಲಿಲ್ಲ. ಅವನೂ ಅಷ್ಟರಲ್ಲಿ ವಜ್ರಜಂಘನಾಗಿ ಬೇರೆಡೆ ಹುಟ್ಟಿ ಬೆಳೆಯುತ್ತಿದ್ದ.

ಜನ್ನನ ಯಶೋಧರ ಚರಿತೆ (1209) ಈ ವಿಷಯದಲ್ಲಿ ಕನ್ನಡದ ಜೈನರ ಕೈದೀವಿಗೆಯೆಂದರೆ ಸಲ್ಲುತ್ತದೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನೂ ತಾಯಿ ಚಂದ್ರಮತಿಯೂ ಸತ್ತು ನವಿಲಾಗಿ, ನಾಯಿಯಾಗಿ, ಮೀನಾಗಿ, ಆಡಾಗಿ, ಕೋಳಿಗಳಾಗಿ ಹುಟ್ಟುತ್ತಾರೆ. ಅದೂ ತಮ್ಮದೇ ಅರಮನೆಯ ಆಸುಪಾಸಿನಲ್ಲಿ. ಮಗ ಯಶೋಮತಿ ತಂದೆಯ ಸದ್ಗತಿಗೆಂದು ಶ್ರಾದ್ಧ ಮಾಡುತ್ತಾನೆ. ಆ ಶ್ರಾದ್ಧದ ಅಡಿಗೆಗೆ ಬೇಯುವುದು ತಂದೆಯ ಜೀವವೇ. ಕೊನೆಗೆ ಆ ಇಬ್ಬರೂ ಯಶೋಮತಿಯ ಮಕ್ಕಳಾಗಿ, ಅಭಯರುಚಿ ಅಭಯಮತಿಯರಾಗಿ ಜನಿಸುತ್ತಾರೆ. ತಾತ ಮೊಮ್ಮಗನ ಬೆನ್ನ ಹಿಂದೆ ನಿಂತಿರಲಿಲ್ಲ, ಮೊಮ್ಮಗನೇ ತಾತನಾಗಿದ್ದ. ಮುತ್ತಜ್ಜಿ ಮೊಮ್ಮಗಳ ಅಣ್ಣನಿಗೆ ತಂಗಿಯಾಗಿ ಅಂಗಳದಲ್ಲಿ ಆಡುತ್ತಿದ್ದಳು. ಸುದತ್ತ ಮುನಿಗಳು ತಿಳಿಸುವ ತನಕ ಮನೆಯವರಾರಿಗೂ ಅದು ಗೊತ್ತಾಗಲಿಲ್ಲ. ಅಗಲಿದವರನ್ನು ಹುಡುಕುವವರು ಹೊಗೆಯಲ್ಲಿ, ನೆರಳಲ್ಲಿ ಹುಡುಕುತ್ತಾರೆ. ಕಥೆ ನಮ್ಮ ಕಣ್ಣನ್ನು ಮೈಯುಳ್ಳ ಜೀವಿಗಳ ಕಡೆ ತಿರುಗಿಸುತ್ತದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಬಿಚ್ಚಾಣಿಕೆಯ ಬಿಸಿನೀರಿಗೆ ಬೀಳುವ ಗೂಡಿನೊಳಗಿನ ಜೀವ ಹಿಂದೆ ಯಾರ ಮನೆಯ ಅಜ್ಜಿಯಾಗಿತ್ತೋ ಎಂದು, ಎಡೆಯ ಮುಂದೆ ರೇಷ್ಮೆ ಉಟ್ಟು ಕೈಮುಗಿಯುವ ನಮ್ಮಲ್ಲಿ ಎಷ್ಟು ಜನ ಕೇಳಿಕೊಂಡಿದ್ದೇವೆ? ಇದು ಸ್ವಲ್ಪ ಪಕ್ಕದ ಮಾತು, ಆದರೂ ಹೇಳದೆ ಇರಲಾರೆ.

ತೀರಿಕೊಂಡವರು ದೇವರಾಗಿ ಬಂಧುಗಳ ಬಳಿಗೆ ಬಂದ ಕಥೆಗಳೂ ನಮ್ಮ ಪುರಾಣಗಳಲ್ಲಿವೆ. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಲಕ್ಷ್ಮಣನ ಶವವನ್ನು ಹೊತ್ತು ಆರು ತಿಂಗಳು ತಿರುಗಿದ ರಾಮನ ಬಳಿಗೆ, ಹಿಂದೆ ಅವನ ಸೇನಾಪತಿಯಾಗಿದ್ದ ಕೃತಾಂತವಕ್ತ್ರನೂ ಜಟಾಯುವೂ ದೇವರಾಗಿ ಬರುತ್ತಾರೆ. ಒಣಮರಕ್ಕೆ ನೀರೆರೆಯುತ್ತಾರೆ, ಬೆಣ್ಣೆಗೆಂದು ನೀರನ್ನು ಕಡೆಯುತ್ತಾರೆ, ಎಣ್ಣೆಗೆಂದು ಮರಳನ್ನು ಹಿಂಡುತ್ತಾರೆ. ಇದೇನು ಮರುಳು ಎಂದು ರಾಮ ಕೇಳಿದಾಗ ಅವನ ಹೆಗಲ ಮೇಲಿನ ಹೆಣವನ್ನೇ ತೋರಿಸುತ್ತಾರೆ. ಬಂದವರು ಎಡೆ ಕೇಳಲಿಲ್ಲ, ಸರ ಎಲ್ಲಿದೆಯೆಂದು ಹೇಳಲಿಲ್ಲ, ಮಗುವನ್ನು ನಡುವೆ ನಿಲ್ಲಿಸಿಕೊಳ್ಳಲೂ ಇಲ್ಲ. ಶೋಕದಿಂದ ಬಿಡಿಸಿ ಹೋದರು.

ಸ್ಯಾದ್ವಾದದ ಹೆಸರು ಹೇಳಿ ತಪ್ಪಿಸಿಕೊಳ್ಳುವವರನ್ನೂ ಕಂಡಿದ್ದೇನೆ. “ಇದ್ದರೂ ಇರಬಹುದು, ಯಾಕೆ ಇಲ್ಲವೆನ್ನಬೇಕು” ಎನ್ನುತ್ತಾರೆ. ಸ್ಯಾತ್ ಎಂಬುದು ‘ಇರಬಹುದೇನೋ’ ಎಂಬ ಸಂಶಯವಲ್ಲ. ಯಾವ ನಯದಿಂದ ಎಂದು ಖಚಿತವಾಗಿ ಹೇಳುವ ಹೊಣೆ. ಸ್ಮೃತಿಯ ದೃಷ್ಟಿಯಿಂದ ಅಜ್ಜಿ ಇದ್ದಾಳೆ, ಈಗಿನ ಪರ್ಯಾಯದ ದೃಷ್ಟಿಯಿಂದ ಆ ಕಂಬದ ಬಳಿ ಇಲ್ಲ. ಹೀಗೆ ಹೇಳಿದರೆ ಮಗುವಿನ ಮಾತಿಗೂ ಗೌರವ ಉಳಿಯುತ್ತದೆ, ಕಿರಿಯ ಸೊಸೆಯ ಮಾನವೂ ಉಳಿಯುತ್ತದೆ.

ಏಕೆಂದರೆ ಹಿಂಸೆ ನಡೆದದ್ದು ಅಲ್ಲಿ. “ಚಿಕ್ಕಮ್ಮಂಗೆ” ಎಂದು ಮಗು ಹೇಳಿದ್ದು ಹೇಗೆ? ಆ ವಾರವೆಲ್ಲ ಅಡಿಗೆಮನೆಯಲ್ಲಿ ಪಿಸುಮಾತಿನಲ್ಲಿ ನಡೆದದ್ದು ಅದರ ಕಿವಿಗೆ ಬಿದ್ದಿತ್ತು. 1995ರಲ್ಲಿ ಮಿಷೆಲ್ ಲೀಚ್ಟ್‌ಮನ್ ಮತ್ತು ಸ್ಟೀಫನ್ ಸೆಸಿ ಎಂಬ ಅಮೆರಿಕದ ವಿದ್ವಾಂಸರು ಇದನ್ನು ಪರೀಕ್ಷಿಸಿ ತೋರಿಸಿದ್ದಾರೆ. ಒಬ್ಬ ಮನುಷ್ಯ ಎಡವಟ್ಟು ಸ್ವಭಾವದವನೆಂದು ಮೊದಲೇ ಮಕ್ಕಳಿಗೆ ಕಥೆ ಹೇಳಿ, ಅವನು ಶಾಲೆಗೆ ಬಂದು ಏನೂ ಮಾಡದೆ ಹೋದ ಮೇಲೆ, ಪುಸ್ತಕ ಹರಿದವನು ಅವನೇ ಎಂಬ ಧಾಟಿಯಲ್ಲಿ ಮತ್ತೆ ಮತ್ತೆ ಪ್ರಶ್ನಿಸಿದರು. ಮೂರು ನಾಲ್ಕು ವರ್ಷದ ಮಕ್ಕಳಲ್ಲಿ ಬಹುಪಾಲು, ಹೌದು ಅವನೇ ಎಂದವು. ಕೇಳುವವರ ಮುಖದಲ್ಲಿ ಉತ್ತರವಿರುತ್ತದೆ, ಮಗು ಅದನ್ನು ಓದುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವೂ ರಹೋಭ್ಯಾಖ್ಯಾನವೂ ಸೇರಿವೆ. ಮಗುವಿನ ಬಾಯಿಂದ ಹೇಳಿಸಿದರೆ ದೋಷ ನಮ್ಮದಲ್ಲವೆಂದು ಯಾವ ಆಚಾರ್ಯರೂ ಬರೆದಿಲ್ಲ. ಯಜಮಾನರಿಗೆ ನಾನು ಹೇಳಿದ್ದೂ ಇಷ್ಟೇ. ಅವರು ಒಪ್ಪಿದರು, ಮಾಗಡಿಗೆ ಹೋಗಿ ಸೊಸೆಯನ್ನು ಕರೆತಂದರು. ಸರ ಇಂದಿಗೂ ಸಿಕ್ಕಿಲ್ಲ. ಇಬ್ಬರು ಸೊಸೆಯಂದಿರೂ ಒಂದೇ ಮನೆಯಲ್ಲಿದ್ದಾರೆ, ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದಿಲ್ಲ. ಹುಡುಗ ಏಳನೆಯ ತರಗತಿಯಲ್ಲಿದ್ದಾನೆ, ಅವನಿಗೆ ಇದಾವುದೂ ನೆನಪಿಲ್ಲ.

ತಾಯಂದಿರು ಕೇಳುವ ಪ್ರಶ್ನೆ ಬೇರೆ: ಮಗು ಹೀಗೆ ಹೇಳಿದಾಗ ಏನು ಮಾಡಬೇಕು? ಬೈಯಬಾರದು, ಬೆಚ್ಚಿಬೀಳಬಾರದು, ಮತ್ತೆ ಮತ್ತೆ ಕೇಳಲೂಬಾರದು. “ಅಜ್ಜಿ ಅಲ್ಲಿ ಕೂರ್ತಿದ್ರು ಅಲ್ವಾ, ಏನು ಹಾಡ್ತಿದ್ರು ಹೇಳು” ಎಂದು ‘ಇದು’ವನ್ನು ಮೆಲ್ಲಗೆ ‘ಅದು’ವಿನತ್ತ ತಿರುಗಿಸಬಹುದು. ಅಜ್ಜಿ ನಕ್ಷತ್ರವಾದಳು, ದೇವರ ಹತ್ತಿರ ಹೋದಳು ಎಂದು ಹೇಳುವುದು ಸುಲಭ, ಆದರೆ ನಾವು ನಂಬದ ಮಾತನ್ನು ಮಗುವಿಗೆ ಕೊಟ್ಟಂತಾಗುತ್ತದೆ. ಅಜ್ಜಿಯ ಜೀವ ಬೇರೆ ಮೈ ತೊಟ್ಟಿದೆ, ಎಲ್ಲಿ ಎಂದು ನಮಗೆ ತಿಳಿಯದು, ಆದ್ದರಿಂದ ಇರುವೆಯನ್ನೂ ತುಳಿಯಬಾರದು ಎಂದು ಹೇಳಿದ ಕನಕಪುರದ ಒಬ್ಬ ತಾಯಿಯನ್ನು ನಾನು ಬಲ್ಲೆ; ಆ ಮಗುವಿಗೆ ಅದು ಚೆನ್ನಾಗಿಯೇ ಅರ್ಥವಾಯಿತು. ಮಗು ಊಟ ನಿದ್ರೆ ಬಿಟ್ಟರೆ, ಬೆಚ್ಚಿ ಅಳುವುದು ವಾರಗಟ್ಟಲೆ ಮುಂದುವರಿದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು, ಗಾಳಿ ಬಿಡಿಸುವವರಲ್ಲಿಗಲ್ಲ. ಭೂತ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ಹಿಂಸಿಸುವುದು 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಬಸದಿಗಳ ಟ್ರಸ್ಟಿನವರಲ್ಲಿ ಒಂದು ವಿನಂತಿ. ಪಾಠಶಾಲೆಯಲ್ಲಿ ವಿಗ್ರಹಗತಿಯ ಪಾಠವನ್ನು ದೊಡ್ಡ ಮಕ್ಕಳಿಗೆ ಮಾತ್ರ ಹೇಳಿಕೊಟ್ಟು ಬಿಡದೆ, ಹೆತ್ತವರನ್ನೂ ವರ್ಷಕ್ಕೊಮ್ಮೆ ಕೂರಿಸಿ ಹೇಳಿ. ಯಕ್ಷಿಯ ಗುಡಿಯ ಮುಂದೆ ಮಗುವನ್ನು ನಿಲ್ಲಿಸಿ ಪ್ರಶ್ನೆ ಕೇಳಿಸಲು ಬರುವವರಿಗೆ ಅವಕಾಶ ಕೊಡಬೇಡಿ. ಮತ್ತು ಮರಣ ಸಂಭವಿಸಿದ ಮನೆಗೆ ಸಾಂತ್ವನ ಹೇಳಲು ಹೋದಾಗ ವ್ಯಾವಹಾರಿಕವಾದ ಒಂದು ಸಲಹೆಯನ್ನೂ ಕೊಡಿ: ಸೂತಕ ಕಳೆದ ಮರುದಿನವೇ ಮಕ್ಕಳು, ಸೊಸೆಯಂದಿರು, ಹೆಣ್ಣುಮಕ್ಕಳು ಎಲ್ಲರ ಎದುರಿಗೆ ತೀರಿಕೊಂಡವರ ಪೆಟ್ಟಿಗೆ ಬೀರುಗಳನ್ನು ತೆಗೆದು, ಇರುವುದನ್ನು ತೂಕ ಸಮೇತ ಪಟ್ಟಿ ಮಾಡಿ, ಎಲ್ಲರ ಸಹಿ ಹಾಕಿಸಿ ಇಡಲಿ.